ಮಾತು ತಡವಾದ ಮಗುವಿನ ಮನೆಗೆ: ಪಾಲಕರಿಗೊಂದು ಹಂತ ಹಂತದ ಮಾರ್ಗದರ್ಶಿ

‘ಮಗುವಿಗೆ ಎರಡು ವರ್ಷ ತುಂಬಿತು, ಅವ್ವ ಅಪ್ಪ ಬಿಟ್ಟರೆ ಬೇರೆ ಮಾತಿಲ್ಲ, ಯಾರಿಗೆ ತೋರಿಸಬೇಕು?’ ಇಂಡಿ, ಸಿಂದಗಿ, ಜಮಖಂಡಿ, ಅಥಣಿ ಕಡೆಯ ಪಾಲಕರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೆರಡು ಪ್ರಶ್ನೆಗಳು ಬರುತ್ತವೆ. ಬೆಳೆದಂತೆ ತಾನಾಗಿಯೇ ಬರುತ್ತದೆ ಎಂದು ಹಿರಿಯರು ಹೇಳುತ್ತಾರೆ, ಕಾಯಬಹುದೇ? ವಾರಕ್ಕೊಮ್ಮೆ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವುದು ನಮ್ಮಿಂದಾಗದು, ಮನೆಯಲ್ಲೇ ಏನಾದರೂ ಮಾಡಬಹುದೇ? ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವಾಗ ಏನಾದರೊಂದು ಬಿಟ್ಟುಹೋಗುತ್ತದೆ. ಆದ್ದರಿಂದ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಪಾಲಕರನ್ನು ಕಣ್ಣ ಮುಂದೆ ಇಟ್ಟುಕೊಂಡು ಎಲ್ಲವನ್ನೂ ಒಂದೆಡೆ ಬರೆದಿದ್ದೇನೆ.

ನಾನು ವೈದ್ಯಳಲ್ಲ, ಮಾತು ತಡವಾಗಿ ಬಂದ ಮಗಳನ್ನು ಬೆಳೆಸಿದ ತಾಯಿ. ಆ ವರ್ಷಗಳಲ್ಲಿ ನಾನು ಕಲಿತ ಮುಖ್ಯ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ. ಚಿಕಿತ್ಸಕರ ಕೋಣೆಯಲ್ಲಿ ಮಗು ಕಳೆಯುವುದು ವಾರಕ್ಕೆ ಹೆಚ್ಚೆಂದರೆ ಒಂದೆರಡು ಗಂಟೆ. ಅಲ್ಲಿ ದಾರಿ ತೋರಿಸುತ್ತಾರೆ, ಮಾತು ಬೆಳೆಯುವುದು ಮನೆಯಲ್ಲಿ. ಮನೆಯಲ್ಲಿ ಮಗುವನ್ನು ಮಾತಾಡಿಸುವವಳು ಸಾಮಾನ್ಯವಾಗಿ ತಾಯಿ. ಅವಳಿಗೆ ಬಿಡುವಿಲ್ಲದಿದ್ದರೆ, ಎಲ್ಲರೂ ಅವಳತ್ತಲೇ ಬೆರಳು ಮಾಡುತ್ತಿದ್ದರೆ, ಎಂಥ ತಜ್ಞರು ಸಿಕ್ಕರೂ ಕೆಲಸ ಕುಂಟುತ್ತದೆ. ಹೀಗಾಗಿ ಮಗುವಿಗೆ ನೆರವಾಗುವುದು ಮತ್ತು ಪಾಲಕರಿಗೆ ನೆರವಾಗುವುದು ಬೇರೆ ಬೇರೆ ಕೆಲಸಗಳಲ್ಲ.

ಮೊದಲು ಕೆಲವು ಪದಗಳು

ಆಸ್ಪತ್ರೆಯಲ್ಲಿ ಕೇಳಿಬರುವ ಪದಗಳು ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ‘ಭಾಷೆಯ ತಡ’ ಎಂದರೆ ವಯಸ್ಸಿಗೆ ತಕ್ಕಷ್ಟು ಮಾತು ಬಾರದಿರುವುದು ಅಥವಾ ಬೇರೆಯವರು ಹೇಳಿದ್ದು ಮಗುವಿಗೆ ತಿಳಿಯದಿರುವುದು. ‘ಉಚ್ಚಾರಣಾ ದೋಷ’ ಎಂದರೆ ಮಾತು ಸಾಕಷ್ಟಿದ್ದರೂ ಧ್ವನಿಗಳು ತಪ್ಪುವುದು; ಕಾಗೆ ‘ತಾಗೆ’ಯಾಗುತ್ತದೆ, ಗಾಡಿ ‘ದಾಡಿ’ಯಾಗುತ್ತದೆ. ‘ಉಗ್ಗು’ ಎಂದರೆ ಏನು ಹೇಳಬೇಕೆಂದು ಗೊತ್ತಿದ್ದರೂ ಮೊದಲ ಧ್ವನಿ ಮರುಕಳಿಸುವುದು, ಎಳೆದಂತಾಗುವುದು, ಇಲ್ಲವೇ ಗಂಟಲಲ್ಲೇ ಸಿಕ್ಕಿಕೊಳ್ಳುವುದು. ನಮ್ಮ ಕಡೆ ಈ ಕೊನೆಯ ಎರಡಕ್ಕೂ ತೊದಲು ಎಂದೇ ಹೇಳುವವರು ಬಹಳ. ಆದರೆ ಎರಡರ ಚಿಕಿತ್ಸೆ ಬೇರೆಯಾದ್ದರಿಂದ ತಜ್ಞರ ಮುಂದೆ ಬಿಡಿಸಿ ಹೇಳಬೇಕು. ಸೀಳು ಅಂಗುಳದ ಮಕ್ಕಳ ಮಾತು ಮೂಗಿನಲ್ಲಿ ಹಾದು ಬರುತ್ತದೆ. ಕಿವುಡು, ಆಟಿಸಂ (ಬೇರೆಯವರೊಡನೆ ಬೆರೆಯುವುದರಲ್ಲಿ, ಸಂವಹನದಲ್ಲಿ ತೊಡಕು), ಬುದ್ಧಿ ಬೆಳವಣಿಗೆಯ ಕುಂಠಿತ, ಸೆರೆಬ್ರಲ್ ಪಾಲ್ಸಿ (ಮೆದುಳಿಗಾದ ಹಾನಿಯಿಂದ ಕೈಕಾಲು, ಸ್ನಾಯುಗಳ ಹಿಡಿತ ತಪ್ಪುವುದು) ಇವು ಮಾತಿನ ತೊಂದರೆಯ ಹಿಂದೆ ಅಡಗಿರಬಹುದಾದ ಬೇರೆ ಕಾರಣಗಳು.

ಕಿವಿಯನ್ನು ಪರೀಕ್ಷಿಸುವವರು ಶ್ರವಣ ತಜ್ಞರು, ಅಂದರೆ ಆಡಿಯಾಲಜಿಸ್ಟ್. ಮಾತಿನ ಚಿಕಿತ್ಸೆ ಕೊಡುವವರು ವಾಕ್ ಚಿಕಿತ್ಸಕರು, ಅಂದರೆ ಸ್ಪೀಚ್ ಥೆರಪಿಸ್ಟ್. ನಮ್ಮ ದೇಶದಲ್ಲಿ ಹಲವರು ಎರಡನ್ನೂ ಒಟ್ಟಿಗೆ ಓದಿರುತ್ತಾರೆ.

ಹಂತ 1: ಕಾಯಬೇಕೋ ಬೇಡವೋ ಎಂದು ನಿರ್ಧರಿಸಿ

ಮಕ್ಕಳಲ್ಲಿ ಮಾತು ಒಂದೇ ಗಳಿಗೆಗೆ ಬರುವುದಿಲ್ಲ ಎಂಬುದು ನಿಜ. ಆದರೂ ಕೆಲವು ಗೆರೆಗಳನ್ನು ದಾಟಿದ ಮೇಲೆ ಕಾಯಬಾರದು. ಹನ್ನೆರಡು ತಿಂಗಳಿಗೆ ‘ಬಬಬ’, ‘ದದದ’ ಎಂಬ ಬಾಲಭಾಷೆಯಾಗಲಿ, ಬೆರಳು ತೋರಿಸುವುದು, ಟಾಟಾ ಮಾಡುವುದು ಮುಂತಾದ ಸನ್ನೆಗಳಾಗಲಿ ಇಲ್ಲದಿದ್ದರೆ ತೋರಿಸಿ. ಹದಿನಾರು ತಿಂಗಳಿಗೆ ಅರ್ಥವುಳ್ಳ ಒಂದು ಪದವೂ ಇಲ್ಲದಿದ್ದರೆ ತೋರಿಸಿ. ಎರಡು ವರ್ಷಕ್ಕೆ ‘ಅವ್ವ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದಗಳನ್ನು ತಾನಾಗಿ ಜೋಡಿಸದಿದ್ದರೆ ತೋರಿಸಿ. ಬಂದಿದ್ದ ಮಾತು ಯಾವ ವಯಸ್ಸಿನಲ್ಲೇ ಹಿಂದಕ್ಕೆ ಹೋದರೂ ಅದೇ ವಾರ ಮಕ್ಕಳ ವೈದ್ಯರನ್ನು ಕಾಣಿ. ಇದರಲ್ಲಿ ತಡ ಸಲ್ಲದು.

ಉಚ್ಚಾರಣೆಯ ಲೆಕ್ಕ ಸ್ವಲ್ಪ ಬೇರೆ. ಪ, ಬ, ಮ, ತ, ನ ಬೇಗ ಬರುತ್ತವೆ. ರ, ಳ, ಷ ಉಳಿದವಕ್ಕಿಂತ ತಡವಾಗಿ ಕೂಡುತ್ತವೆ. ಮೂರು ವರ್ಷದ ಮಗು ರೊಟ್ಟಿಯನ್ನು ‘ಲೊಟ್ಟಿ’ ಎಂದರೆ ಹೆದರಬೇಕಿಲ್ಲ. ಮಹಾಪ್ರಾಣಗಳನ್ನು ಆಡುಮಾತಿನಲ್ಲಿ ದೊಡ್ಡವರೇ ಸಡಿಲವಾಗಿ ನುಡಿಯುತ್ತಾರಾದ್ದರಿಂದ ಮಗು ಭತ್ತವನ್ನು ಬತ್ತ ಎಂದರೆ ಅದು ದೋಷವೇ ಅಲ್ಲ. ಆದರೆ ನಾಲ್ಕು ವರ್ಷದ ಹೊತ್ತಿಗೆ ಮನೆಯ ಹೊರಗಿನವರಿಗೂ ಮಗುವಿನ ಮಾತು ಬಹುಪಾಲು ತಿಳಿಯುವಂತಿರಬೇಕು.

ಉಗ್ಗು ಹೆಚ್ಚಾಗಿ ಎರಡರಿಂದ ಐದು ವರ್ಷದ ನಡುವೆ ಶುರುವಾಗುತ್ತದೆ ಮತ್ತು ಬಹಳಷ್ಟು ಮಕ್ಕಳಲ್ಲಿ ತಾನಾಗಿಯೇ ಇಳಿಯುತ್ತದೆ. ಆರು ತಿಂಗಳಾದರೂ ಉಳಿದರೆ, ಮನೆತನದಲ್ಲಿ ಬೇರೆಯವರಿಗೂ ಇದ್ದರೆ, ಅಥವಾ ಮಾತಾಡುವಾಗ ಮಗು ಕಣ್ಣು ಬಿಗಿಯುವುದು, ಕುತ್ತಿಗೆ ಸೆಟೆಯುವುದು, ಮಾತನ್ನೇ ತಪ್ಪಿಸಿಕೊಳ್ಳುವುದು ಕಂಡರೆ ವಾಕ್ ಚಿಕಿತ್ಸಕರಿಗೆ ತೋರಿಸಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಒಂದಿದೆ. ‘ಇವನ ಸೋದರಮಾವನಿಗೂ ನಾಲ್ಕು ವರ್ಷಕ್ಕೆ ಮಾತು ಬಂತು’ ಎಂಬ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಸೋದರಮಾವನಿಗೆ ಬಂದಿರಬಹುದು, ಬಾರದೇ ಉಳಿದವರ ಕಥೆಯನ್ನು ಯಾರೂ ಜಾತ್ರೆಯಲ್ಲಿ ಕೂತು ಹೇಳುವುದಿಲ್ಲ. ಪರೀಕ್ಷೆ ಮಾಡಿಸಿ ಏನೂ ಇಲ್ಲ ಎಂದಾದರೆ ನೀವು ಕಳೆದುಕೊಳ್ಳುವುದು ಒಂದು ದಿನ ಮಾತ್ರ. ನಮ್ಮ ಮಗಳ ವಿಷಯದಲ್ಲಿ ‘ಇನ್ನೂ ಕಾಯಿರಿ’ ಎಂದು ಒಬ್ಬರು ಹೇಳಿದ ಮಾತನ್ನು ನಂಬಿ ಹತ್ತು ತಿಂಗಳು ಕಾದೆವು. ಅವಳ ಎರಡೂ ಕಿವಿಗಳ ಒಳಗೆ ನೀರು ನಿಂತಿರುವುದು ಗೊತ್ತಾದದ್ದು ಅದಾದ ಮೇಲೆ.

ಹಂತ 2: ಹೊರಡುವ ಮುನ್ನ ಸಿದ್ಧತೆ

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಮಗು ಆಡುವ ಪದಗಳನ್ನು, ಅವು ಎಷ್ಟೇ ಅಸ್ಪಷ್ಟವಾಗಿದ್ದರೂ, ಕೇಳಿದಂತೆಯೇ ಬರೆಯಿರಿ. ನೀರಿಗೆ ‘ಈಯಿ’ ಎಂದರೆ ‘ಈಯಿ, ನೀರು’ ಎಂದು ಬರೆದರೆ ಸಾಕು. ಮಗು ಆಡುತ್ತಿರುವ, ಉಣ್ಣುತ್ತಿರುವ, ನಿಮ್ಮನ್ನು ಏನಾದರೂ ಕೇಳುತ್ತಿರುವ ಎರಡೆರಡು ನಿಮಿಷದ ಮೂರ್ನಾಲ್ಕು ವಿಡಿಯೊಗಳನ್ನು ಫೋನಿನಲ್ಲಿ ತೆಗೆದಿಡಿ. ಆಸ್ಪತ್ರೆಯ ಕೋಣೆಯಲ್ಲಿ ಅಪರಿಚಿತರ ಮುಂದೆ ಹೆಚ್ಚಿನ ಮಕ್ಕಳು ಬಾಯಿ ಬಿಡುವುದೇ ಇಲ್ಲವಾದ್ದರಿಂದ ಈ ವಿಡಿಯೊಗಳು ತಜ್ಞರಿಗೆ ತುಂಬ ಉಪಯೋಗಕ್ಕೆ ಬರುತ್ತವೆ.

ತಾಯಿ ಕಾರ್ಡ್, ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ, ಮಗುವಿನ ಆಧಾರ್, ರೇಷನ್ ಕಾರ್ಡ್ ಇವನ್ನು ಒಂದು ಚೀಲದಲ್ಲಿ ಹಾಕಿಡಿ. ಹುಟ್ಟಿದಾಗ ತೂಕ ಎಷ್ಟಿತ್ತು, ಕೂಡಲೇ ಅತ್ತಿತೇ, ಕಾಮಾಲೆ ಬಂದಿತ್ತೇ, ಗಾಜಿನ ಪೆಟ್ಟಿಗೆಯಲ್ಲಿ ಎಷ್ಟು ದಿನ ಇಟ್ಟಿದ್ದರು, ಮೆದುಳು ಜ್ವರ ಬಂದಿತ್ತೇ ಎಂದು ಕೇಳುತ್ತಾರೆ. ನಿಮ್ಮದು ರಕ್ತಸಂಬಂಧದಲ್ಲಿ ಆದ ಮದುವೆಯೇ ಎಂದೂ ಕೇಳುತ್ತಾರೆ. ಅಕ್ಕನ ಮಗಳನ್ನು, ಮಾವನ ಮಗಳನ್ನು ತರುವ ರೂಢಿ ನಮ್ಮ ಕಡೆ ಇರುವುದರಿಂದ ಈ ಪ್ರಶ್ನೆ ಇಲ್ಲಿ ಸಹಜ. ಅಂಥ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು. ಇದನ್ನು ಕೇಳುವುದು ಪರೀಕ್ಷೆಯ ದಿಕ್ಕು ತಿಳಿಯುವುದಕ್ಕೇ ಹೊರತು ತಪ್ಪು ಹೊರಿಸುವುದಕ್ಕಲ್ಲ. ಮುಚ್ಚಿಡದೆ ಹೇಳಿ.

ಹಂತ 3: ಮೊದಲು ಕಿವಿ

ಮಾತಿನ ತೊಂದರೆ ಯಾವುದೇ ಇರಲಿ, ಮೊದಲ ಪರೀಕ್ಷೆ ಕಿವಿಯದು. ‘ಕರೆದರೆ ತಿರುಗುತ್ತಾನೆ, ಬಾಗಿಲ ಸಪ್ಪಳಕ್ಕೆ ಎಚ್ಚರಾಗುತ್ತಾನೆ, ಕಿವಿ ಸರಿ ಇದೆ’ ಎಂದು ಪಾಲಕರು ಖಚಿತವಾಗಿ ಹೇಳುತ್ತಾರೆ. ಬಾಗಿಲ ಸಪ್ಪಳ ಕೇಳುವ ಮಗುವಿಗೆ ‘ಸ’ ಮತ್ತು ‘ಶ’ದಂಥ ಸಣ್ಣ, ಚೂಪು ಧ್ವನಿಗಳು ಕೇಳದೆ ಇರಬಹುದು. ಒಂದೇ ಕಿವಿ ಕೇಳುತ್ತಿರಬಹುದು. ನೆಗಡಿಯಾದಾಗಲೆಲ್ಲ ಕಿವಿಯ ಮಧ್ಯಭಾಗದಲ್ಲಿ ನೀರು ನಿಂತು ವಾರಗಟ್ಟಲೆ ಮಂದವಾಗಿ ಕೇಳುತ್ತಿರಬಹುದು.

ಪರೀಕ್ಷೆಗಳಿಗೆ ಹೆದರಬೇಡಿ, ಯಾವುದರಲ್ಲೂ ನೋವಿಲ್ಲ. ‘ಒಎಇ’ ಎಂಬ ಪರೀಕ್ಷೆಯಲ್ಲಿ ಕಿವಿಯಲ್ಲಿ ಮೆತ್ತನೆಯ ಸಣ್ಣ ಬಿರಡೆಯಿಟ್ಟು ಧ್ವನಿ ಕಳಿಸುತ್ತಾರೆ. ಒಳಕಿವಿ ಚೆನ್ನಾಗಿದ್ದರೆ ಅದು ಮರುಧ್ವನಿ ಕೊಡುತ್ತದೆ, ಯಂತ್ರ ಅದನ್ನು ಹಿಡಿಯುತ್ತದೆ. ಕೆಲವೇ ನಿಮಿಷಗಳ ಕೆಲಸ. ‘ಬೇರಾ’ ಎಂಬ ಪರೀಕ್ಷೆಯಲ್ಲಿ ಹಣೆಗೂ ಕಿವಿಯ ಹಿಂದೆಯೂ ಚಿಕ್ಕ ತಂತಿಗಳನ್ನು ಅಂಟಿಸಿ, ಧ್ವನಿ ಕಿವಿಯ ನರದಿಂದ ಮೆದುಳಿನ ಕಾಂಡದವರೆಗೆ ತಲುಪುತ್ತದೆಯೇ ಎಂದು ನೋಡುತ್ತಾರೆ. ಇದಕ್ಕೆ ಮಗು ನಿದ್ದೆಯಲ್ಲಿರಬೇಕು. ಆ ದಿನ ಮಗುವನ್ನು ನಸುಕಿನಲ್ಲೇ ಎಬ್ಬಿಸಿ, ಬಸ್ಸಿನಲ್ಲಿ ಮಲಗಲು ಬಿಡದೆ ಕರೆದೊಯ್ಯಿರಿ. ತಲೆಗೆ, ಹಣೆಗೆ ಎಣ್ಣೆ ಹಚ್ಚಬೇಡಿ. ಎಣ್ಣೆಯಿದ್ದರೆ ತಂತಿ ಹಿಡಿಯುವುದಿಲ್ಲ. ಈ ಎರಡು ಸಣ್ಣ ಸಂಗತಿ ಗೊತ್ತಿಲ್ಲದೆ ಇಡೀ ದಿನ ಕಾದು ಪರೀಕ್ಷೆಯಾಗದೆ ಹಿಂದಿರುಗುವವರಿದ್ದಾರೆ.

ಕಿವುಡು ಇದೆ ಎಂದಾದರೆ ಶ್ರವಣ ಸಾಧನವನ್ನು, ನಮ್ಮ ಮಾತಿನಲ್ಲಿ ಕಿವಿ ಮಷೀನನ್ನು, ಮಗು ಎಚ್ಚರವಿರುವಷ್ಟು ಹೊತ್ತೂ ಹಾಕಿರಬೇಕು. ಮದುವೆಗೆ ಹೋಗುವಾಗ ನಾಲ್ಕು ಜನ ನೋಡುತ್ತಾರೆಂದು ತೆಗೆದಿಡುವುದು, ಕಳೆದೀತೆಂದು ಟ್ರಂಕಿನಲ್ಲಿಡುವುದು ಮಗುವಿನ ಕಲಿಕೆಯನ್ನು ಅಷ್ಟು ದಿನ ನಿಲ್ಲಿಸಿದಂತೆ. ತೀವ್ರ ಕಿವುಡಿಗೆ ಕಾಕ್ಲಿಯರ್ ಇಂಪ್ಲಾಂಟ್ ಎಂಬ, ಒಳಕಿವಿಗೆ ಸಾಧನ ಅಳವಡಿಸುವ ಶಸ್ತ್ರಚಿಕಿತ್ಸೆಯಿದೆ. ಅದು ಚಿಕ್ಕ ವಯಸ್ಸಿನಲ್ಲೇ ಆದರೆ ಫಲ ಹೆಚ್ಚು, ಸರ್ಕಾರದ ನೆರವಿಗೂ ವಯಸ್ಸಿನ ಮಿತಿಯಿದೆ. ಕಾಯಬೇಡಿ ಎಂದು ನಾನು ಪದೇ ಪದೇ ಹೇಳುವುದಕ್ಕೆ ಇದೂ ಒಂದು ಕಾರಣ.

ಹಂತ 4: ಎಲ್ಲಿಗೆ ಹೋಗಬೇಕು

ಅಂಗನವಾಡಿಯಿಂದಲೇ ಶುರುಮಾಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾಯಿತು. ಅದರಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬಂದು ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆಯ ತಡ ಅವರು ನೋಡಬೇಕಾದ ನಾಲ್ಕು ವಿಷಯಗಳಲ್ಲಿ ಒಂದು. ಮುಂದಿನ ಭೇಟಿ ಯಾವಾಗ ಎಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಆ ದಿನ ಹೊಲದ ಕೆಲಸವಿದ್ದರೂ ಮಗುವಿನ ಜೊತೆ ನೀವೇ ಇರಿ. ಕಬ್ಬು ಕಡಿಯಲು ಊರು ಬಿಟ್ಟು ಹೋಗುವ ಕುಟುಂಬಗಳ ಮಕ್ಕಳು ಈ ತಪಾಸಣೆಯನ್ನು ತಪ್ಪಿಸಿಕೊಳ್ಳುವುದು ಹೆಚ್ಚು. ಅಂಥವರು ಭೇಟಿಗೆ ಕಾಯದೆ ನೇರವಾಗಿ ಜಿಲ್ಲಾಸ್ಪತ್ರೆಗೆ ಹೋಗಬಹುದು. ಇದೇ ಕಾರ್ಯಕ್ರಮದಡಿ ಜಿಲ್ಲಾ ಮಟ್ಟಕ್ಕೆ ರೂಪಿಸಿದ ಘಟಕಕ್ಕೆ ‘ಡಿಇಐಸಿ’, ಅಂದರೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಎಂದು ಹೆಸರು. ಜಿಲ್ಲಾಸ್ಪತ್ರೆಯಲ್ಲಿ ಆ ಹೆಸರು ಹಿಡಿದೇ ವಿಚಾರಿಸಿ. ‘ಮಾತು ಬರುವುದಿಲ್ಲ’ ಎಂದಷ್ಟೇ ಹೇಳಿದರೆ ಚೀಟಿ ಮಾಡುವವರು ಬೇರೆಲ್ಲೋ ಕಳಿಸಿಬಿಡಬಹುದು.

ಬೆಳಗಾವಿ, ವಿಜಯಪುರ, ಬಾಗಲಕೋಟೆ ಮೂರೂ ಕಡೆ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ಅಲ್ಲಿ ಕಿವಿ, ಮೂಗು, ಗಂಟಲು ವಿಭಾಗದಲ್ಲಿ ಕೇಳಬೇಕು. ಕಾರಣ ಬಗೆಹರಿಯದ ಸಂಕೀರ್ಣ ತೊಂದರೆಗಳಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ದೊಡ್ಡ ಆಸರೆ. ಅದು ಕೇಂದ್ರ ಸರ್ಕಾರದ ಸಂಸ್ಥೆ. ಬಾಗಲಕೋಟೆಯಿಂದ ವಿಜಯಪುರದ ಮೇಲೆ ಹೋಗುವ ಬಸವ ಎಕ್ಸ್‌ಪ್ರೆಸ್ ನೇರ ಮೈಸೂರು ಮುಟ್ಟಿಸುತ್ತದೆ. ದೂರವಿದ್ದರೂ ಒಮ್ಮೆ ಹೋಗಿ ಪೂರ್ಣ ತಪಾಸಣೆ ಮಾಡಿಸಿಕೊಂಡು, ಮುಂದಿನ ಪಾಠವನ್ನು ವಿಡಿಯೊ ಕರೆಯ ಮೂಲಕ ಮುಂದುವರಿಸುವ ಸೌಲಭ್ಯವನ್ನು ಅಲ್ಲಿ ಕೇಳಿ ನೋಡಿ. ಸೀಳು ತುಟಿ, ಸೀಳು ಅಂಗುಳಕ್ಕೆ ಧಾರವಾಡದ ಎಸ್‌ಡಿಎಂ ಸಂಸ್ಥೆಯಲ್ಲಿ ಪ್ರತ್ಯೇಕ ಘಟಕವಿದೆ. ಅಂಗುಳದ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಒಂಬತ್ತರಿಂದ ಹದಿನೆಂಟು ತಿಂಗಳ ನಡುವೆ ಮಾಡುತ್ತಾರೆ. ಹೊಲಿಗೆ ಬಿಚ್ಚಿದ ಮೇಲೆ ಕೆಲಸ ಮುಗಿಯಿತೆಂದು ಮನೆಗೆ ಬಂದುಬಿಡಬೇಡಿ, ಮಾತಿನ ತರಬೇತಿ ಅಲ್ಲಿಂದಲೇ ಆರಂಭ.

ಖಾಸಗಿ ಚಿಕಿತ್ಸಕರ ಬಳಿ ಹೋಗುವವರು ಒಂದು ಮಾತು ತಪ್ಪದೆ ಕೇಳಬೇಕು: ‘ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನಿಮ್ಮ ನೋಂದಣಿ ಸಂಖ್ಯೆ ಏನು?’ ಈ ವೃತ್ತಿ ಮಾಡಲು ಆ ನೋಂದಣಿ ಬೇಕೇ ಬೇಕು. ಓದಿದವರು ಸಂಕೋಚವಿಲ್ಲದೆ ತೋರಿಸುತ್ತಾರೆ. ಒಂದೇ ತಿಂಗಳಲ್ಲಿ ಮಾತು ಬರಿಸುತ್ತೇವೆ ಎನ್ನುವವರಿಂದ, ಪಾಲಕರನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವವರಿಂದ ದೂರವಿರಿ. ಮೇಣದಬತ್ತಿ ಊದಿಸುವುದು, ಪೀಪಿ ಊದಿಸುವುದು, ನಾಲಿಗೆಯ ಕಸರತ್ತು ಇಷ್ಟರಲ್ಲೇ ತಿಂಗಳುಗಟ್ಟಲೆ ಕಳೆದರೂ ಪ್ರಶ್ನಿಸಿ. ಊದುವುದರಿಂದ ಮಗು ಊದುವುದನ್ನು ಕಲಿಯುತ್ತದೆ. ‘ಕ’ ಅಕ್ಷರವನ್ನು ಕಲಿಯಬೇಕಾದರೆ ‘ಕ’ ಅನ್ನೇ ನುಡಿಯಬೇಕು.

ಪ್ರತಿ ಭೇಟಿಯ ಕೊನೆಗೆ ನೀವು ಕೇಳಬೇಕಾದ ಮಾತುಗಳು ಇವು: ಈ ತಿಂಗಳ ಗುರಿ ಏನು? ಮನೆಯಲ್ಲಿ ಮಾಡಬೇಕಾದದ್ದನ್ನು ಈಗ ನಿಮ್ಮೆದುರೇ ನಾನು ಮಾಡಿ ತೋರಿಸಲೇ? ಎಷ್ಟು ಸುಧಾರಣೆಯಾಗಿದೆ ಎಂದು ಮತ್ತೆ ಯಾವಾಗ ಅಳೆಯುತ್ತೀರಿ?

ಹಂತ 5: ಮನೆಯಲ್ಲಿ ಮಾತು ಕಟ್ಟುವುದು

ಇದು ಈ ಬರಹದ ತಿರುಳು. ಇದಕ್ಕೆ ಬೇರೆ ಆಟಿಕೆಯಾಗಲಿ, ಬೇರೆ ಕೋಣೆಯಾಗಲಿ ಬೇಡ. ರೊಟ್ಟಿ ಮಾಡುವಾಗ, ಮೈ ತೊಳೆಸುವಾಗ, ಎಮ್ಮೆಗೆ ನೀರು ಕುಡಿಸುವಾಗ ನಡೆಯುವ ಮಾತೇ ಪಾಠ. ದಿನಕ್ಕೆ ಹತ್ತು ಹತ್ತು ನಿಮಿಷದಂತೆ ಮೂರು ಹೊತ್ತನ್ನು ಗೊತ್ತುಮಾಡಿಕೊಳ್ಳಿ. ಆ ಹೊತ್ತಿನಲ್ಲಿ ಟಿ.ವಿ., ಫೋನು ಬಂದ್ ಇರಲಿ.

ಮಗುವಿನ ಮುಖದೆದುರು, ಅದರ ಎತ್ತರಕ್ಕೆ ಕುಳಿತುಕೊಳ್ಳಿ. ನಮ್ಮ ಅಡುಗೆ ಮನೆಗಳಲ್ಲಿ ನೆಲದ ಮೇಲೆ ಕೂತು ರೊಟ್ಟಿ ಬಡಿಯುವ ತಾಯಿಗೆ ಇದು ತಾನಾಗಿ ಒದಗುತ್ತದೆ. ಮಾಡುತ್ತಿರುವುದನ್ನೇ ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳುತ್ತ ಹೋಗಿ: ‘ಹಿಟ್ಟು. ನೀರು ಹಾಕಿದೆ. ರೊಟ್ಟಿ ಬಡಿತೀನಿ. ಹಂಚು ಬಿಸಿ!’ ಮಗು ಏನನ್ನು ನೋಡುತ್ತಿದೆಯೋ ಅದರ ಹೆಸರು ಹೇಳಿ. ನೀವು ತೋರಿಸಬೇಕೆಂದುಕೊಂಡದ್ದರ ಹೆಸರನ್ನಲ್ಲ.

ಎರಡನೆಯದು ಆಯ್ಕೆ ಕೊಡುವುದು. ‘ಏನು ಬೇಕು?’ ಎಂದು ಕೇಳಿದರೆ ಪದ ಗೊತ್ತಿಲ್ಲದ ಮಗು ಬೆರಳು ತೋರಿಸಿ ಸುಮ್ಮನಾಗುತ್ತದೆ. ಎರಡನ್ನೂ ಕೈಯಲ್ಲಿ ಹಿಡಿದು ‘ಬಾಳೆಹಣ್ಣು ಬೇಕೇನು, ಬೆಲ್ಲ ಬೇಕೇನು?’ ಎಂದರೆ ಬೇಕಾದ ಪದ ಅದರ ಕಿವಿಗೆ ಆಗಷ್ಟೇ ಬಿದ್ದಿರುತ್ತದೆ. ಕೇಳಿದ ಮೇಲೆ ಕಾಯಿರಿ. ಮನಸ್ಸಿನಲ್ಲಿ ಹತ್ತು ಎಣಿಸಿ. ಈ ಹತ್ತರ ಎಣಿಕೆ ನೋಡಲು ಸುಲಭ, ಮಾಡಲು ಬಹಳ ಕಷ್ಟ. ನಾವು ಎರಡಕ್ಕೇ ಬಾಯಿ ಹಾಕಿ ಮಗುವಿನ ಸರದಿಯನ್ನು ಕಸಿದುಕೊಂಡುಬಿಡುತ್ತೇವೆ. ಮಗು ‘ಬೆ’ ಎಂದರೂ, ಕಣ್ಣಿನಿಂದ ತೋರಿಸಿದರೂ ಕೂಡಲೇ ಕೊಟ್ಟು ‘ಬೆಲ್ಲ! ಬೆಲ್ಲ ಬೇಕು’ ಎಂದು ಹೇಳಿ.

ಮೂರನೆಯದು ಬೆಳೆಸಿ ಹೇಳುವುದು. ಮಗು ಆಡಿದ್ದಕ್ಕೆ ಒಂದೇ ಒಂದು ಪದ ಸೇರಿಸಿ ಹಿಂದಿರುಗಿಸಿ. ಅದು ‘ಕರ’ (ಕರು) ಎಂದರೆ ನೀವು ‘ಕರ ಓಡ್ತು’ ಎನ್ನಿ. ಅದು ‘ಕರ ಓಡ್ತು’ ಎನ್ನುವ ದಿನ ಬಂದಾಗ ‘ಬಿಳಿ ಕರ ಓಡ್ತು’ ಎನ್ನಿ. ಉಚ್ಚಾರ ತಪ್ಪಿದರೆ ‘ತಪ್ಪು, ಸರಿಯಾಗಿ ಹೇಳು’ ಎನ್ನಬೇಡಿ. ‘ತಾಗೆ’ ಎಂದಾಗ ‘ಹೌದು, ಕಾಗೆ! ಕಾಗೆ ಕೂತೈತಿ’ ಎಂದು ಸರಿಯಾದ ರೂಪವನ್ನು ಎರಡು ಸಲ ಕಿವಿಗೆ ಹಾಕಿದರೆ ಸಾಕು.

ಈ ಹಂತದಲ್ಲಿ ಆಗುವ ತಪ್ಪುಗಳು ಹಲವು. ಮೊದಲನೆಯದು, ಮಾತಾಡುವವರೆಗೆ ಊಟ, ನೀರು ಕೊಡದೆ ಸತಾಯಿಸುವುದು. ಇದರಿಂದ ಮಗುವಿಗೆ ಬರುವುದು ಮಾತಲ್ಲ, ಸಿಟ್ಟು ಮತ್ತು ಅಳು. ಎರಡನೆಯದು, ‘ಅತ್ತೀಗೆ ಹೇಳು, ಕಾಕಾಗೆ ಹೇಳು’ ಎಂದು ಬಂದವರ ಮುಂದೆಲ್ಲ ಪರೀಕ್ಷೆಗೆ ನಿಲ್ಲಿಸುವುದು. ಮೂರನೆಯದು, ಸನ್ನೆ ಮಾಡಿದರೆ, ಚಿತ್ರ ತೋರಿಸಿ ಕೇಳಿದರೆ ಮಗು ಮಾತು ಕಲಿಯುವುದಿಲ್ಲ ಎಂದು ಹೆದರಿ ಅವನ್ನು ತಡೆಯುವುದು. ಸನ್ನೆ ಮಾತಿಗೆ ಮೆಟ್ಟಿಲು. ಕೈಯಿಂದ ಕೇಳಲು ಕಲಿತ ಮಗುವಿಗೆ ಬಾಯಿಂದ ಕೇಳುವ ಆಸೆ ಕಡಿಮೆಯಾಗುವುದಿಲ್ಲ.

ನಾಲ್ಕನೆಯದು ಭಾಷೆಯ ಗೊಂದಲ. ಬೆಳಗಾವಿಯಲ್ಲಿ ಕನ್ನಡ ಮತ್ತು ಮರಾಠಿ, ವಿಜಯಪುರದ ಮನೆಗಳಲ್ಲಿ ಕನ್ನಡ ಮತ್ತು ಉರ್ದು, ತಾಂಡಾಗಳಲ್ಲಿ ಲಂಬಾಣಿ ಮತ್ತು ಕನ್ನಡ ಒಟ್ಟಿಗೆ ಕಿವಿಗೆ ಬೀಳುತ್ತವೆ. ಎರಡು ಭಾಷೆ ಕೇಳಿದ್ದರಿಂದ ಮಾತಿನ ದೋಷ ಹುಟ್ಟುವುದಿಲ್ಲ. ತಾಯಿಗೆ ಯಾವುದು ಸಲೀಸೋ ಆ ಭಾಷೆಯಲ್ಲಿ, ಅದೂ ಮನೆಯ ಆಡುಮಾತಿನಲ್ಲಿ, ಮಾತಾಡಿಸಲಿ. ಶಾಲೆಗೆ ಬೇಕೆಂದು ತನಗೇ ಅರ್ಧ ಬರುವ ಇಂಗ್ಲಿಷಿನಲ್ಲಿ ಮಗುವನ್ನು ಮಾತಾಡಿಸಲು ಹೋದರೆ ಮಾತು ‘ಕಮ್’, ‘ಸಿಟ್’ಗಳಿಗೇ ನಿಂತುಹೋಗುತ್ತದೆ, ಕಥೆ, ಹಾಡು, ಮುದ್ದು, ಗದರಿಕೆ ಎಲ್ಲವೂ ಇರುವ ಭಾಷೆ ಮಗುವಿಗೆ ಬೇಕು.

ಫೋನಿನ ವಿಷಯ ಒಂದೇ ಮಾತಿನಲ್ಲಿ ಹೇಳುತ್ತೇನೆ: ಎರಡು ವರ್ಷದ ಒಳಗಿನ ಮಕ್ಕಳಿಗೆ ಬೇಡವೇ ಬೇಡ, ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ ಎಂಬುದು ಭಾರತದ ಮಕ್ಕಳ ವೈದ್ಯರ ಸಂಘದ ಸಲಹೆ. ಫೋನು ಮಾತಾಡುತ್ತದೆ, ಆದರೆ ಮಗುವಿನ ಉತ್ತರಕ್ಕೆ ಕಾಯುವುದಿಲ್ಲ.

ಉಗ್ಗುವ ಮಗುವಿನ ಜೊತೆ ಕ್ರಮ ಬೇರೆ. ‘ನಿಧಾನ ಹೇಳು’, ‘ಉಸಿರು ಎಳೆದುಕೋ’ ಎನ್ನುವುದನ್ನು ನಿಲ್ಲಿಸಿ, ನೀವೇ ನಿಧಾನವಾಗಿ ಮಾತಾಡಿ. ಅದರ ಮಾತನ್ನು ನೀವು ಮುಗಿಸಬೇಡಿ. ಹೇಗೆ ಹೇಳಿತು ಎಂಬುದನ್ನು ಬಿಟ್ಟು ಏನು ಹೇಳಿತು ಎಂಬುದಕ್ಕೆ ಉತ್ತರ ಕೊಡಿ. ಮನೆಯಲ್ಲಿ ನಾಲ್ಕಾರು ಮಕ್ಕಳಿದ್ದರೆ ಒಬ್ಬರಾದ ಮೇಲೆ ಒಬ್ಬರು ಮಾತಾಡುವ ರೂಢಿ ತನ್ನಿ.

ಹಂತ 6: ಮನೆಮದ್ದುಗಳ ಬಗ್ಗೆ

ಬಜೆ ತೇಯ್ದು ನಾಲಿಗೆಗೆ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಅದರಿಂದ ಮಾತು ಬರುವುದಿಲ್ಲ, ಹೆಚ್ಚಾದರೆ ವಾಂತಿಯಾಗುತ್ತದೆ. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸುವುದಂತೂ ಅಪಾಯ, ಅದರಿಂದ ಬಾಟ್ಯುಲಿಸಂ ಎಂಬ ವಿಷಬಾಧೆಯಾಗಬಹುದು. ಕಿರುನಾಲಿಗೆಯನ್ನು ಕತ್ತರಿಸುವುದು, ಬರೆ ಹಾಕುವುದು ಎಂದಿಗೂ ಬೇಡ. ನಾಲಿಗೆ ಕೆಳಗಿನ ಎಳೆ ಬಿಗಿಯಾಗಿರುವ ಮಕ್ಕಳಿರುತ್ತಾರೆ. ಅದರಿಂದ ಹಾಲು ಕುಡಿಯಲು ಅಥವಾ ಕೆಲವು ಧ್ವನಿಗಳಿಗೆ ತೊಡಕಾಗಬಹುದು, ಆದರೆ ಮಾತೇ ಬಾರದಿರುವುದಕ್ಕೆ ಅದು ಕಾರಣವಲ್ಲ. ಕತ್ತರಿಸಬೇಕೇ ಎಂಬುದನ್ನು ವಾಕ್ ಚಿಕಿತ್ಸಕರು ನೋಡಿದ ಮೇಲೆ ವೈದ್ಯರು ನಿರ್ಧರಿಸಲಿ. ಹರಕೆ ಹೊರುವುದು ನಿಮ್ಮ ನಂಬಿಕೆಗೆ ಬಿಟ್ಟದ್ದು. ಹರಕೆ ತೀರಿಸುವ ದಿನಕ್ಕೆ ಕಾಯದೆ ಕಿವಿ ಪರೀಕ್ಷೆ ಮುಗಿದಿರಲಿ.

ಹಂತ 7: ತಾಯಿಯ ಹೊರೆ ಇಳಿಸುವುದು

ಈ ಹಂತ ತಂದೆಯರಿಗೆ, ಅತ್ತೆ ಮಾವಂದಿರಿಗೆ, ಅಣ್ಣ ತಮ್ಮಂದಿರಿಗೆ. ಬಸುರಿಯಲ್ಲಿ ಗ್ರಹಣ ನೋಡಿದ್ದರಿಂದ, ಏನೋ ತಿಂದದ್ದರಿಂದ, ಮಗುವಿನ ಜೊತೆ ಸಾಕಷ್ಟು ಮಾತಾಡದಿದ್ದರಿಂದ ಹೀಗಾಯಿತು ಎಂಬ ಮಾತು ಮನೆಯಲ್ಲಿ ಒಮ್ಮೆಯೂ ಬರಕೂಡದು. ಇವುಗಳಲ್ಲಿ ಯಾವುದರಿಂದಲೂ ಮಾತಿನ ದೋಷ ಹುಟ್ಟುವುದಿಲ್ಲ. ದಿನವೂ ತಪ್ಪಿತಸ್ಥಳಂತೆ ನಿಲ್ಲುವ ತಾಯಿ ಮಗುವಿನ ಮುಖ ನೋಡಿ ನಗುತ್ತ ಹತ್ತು ಎಣಿಸುವುದು ಹೇಗೆ?

ಮಾಡಬೇಕಾದ ಕೆಲಸಗಳು ಸಣ್ಣವು. ತಾಯಿ ಮಗುವಿನ ಜೊತೆ ಕೂರುವ ಆ ಮೂರು ಹೊತ್ತಿನಲ್ಲಿ ಅಡುಗೆ, ನೀರು, ದನದ ಕೆಲಸವನ್ನು ಬೇರೊಬ್ಬರು ನೋಡಿಕೊಳ್ಳಲಿ. ತಿಂಗಳಿಗೆ ಒಮ್ಮೆಯಾದರೂ ತಂದೆ ಚಿಕಿತ್ಸಕರ ಬಳಿ ಹೋಗಲಿ; ಹೇಳಿದ್ದನ್ನು ಅವನೇ ಕೇಳಿಸಿಕೊಂಡರೆ ಹೆಂಡತಿ ಮನೆಗೆ ಬಂದು ಎಲ್ಲರಿಗೂ ಒಪ್ಪಿಸುವ ಪಾಡು ತಪ್ಪುತ್ತದೆ. ಕಥೆ ಹೇಳಲು ಅಜ್ಜಿಯಷ್ಟು ಒಳ್ಳೆಯ ಚಿಕಿತ್ಸಕಿ ಇಲ್ಲ, ಅವಳಿಗೆ ಆ ಕೆಲಸ ಒಪ್ಪಿಸಿ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ, ಪಂಚಮಿಗೆ ಜೋಕಾಲಿ ಆಡಿಸುವಾಗ ಮಗುವಿನ ಸರದಿ ಬರಲಿ, ಅದರ ‘ಇನ್ನ’ ಎಂಬ ಒಂದು ಪದಕ್ಕೆ ಎಲ್ಲರೂ ಕಾಯಲಿ. ‘ಮೂಗ’ ಎಂಬ ಪದ ಆ ಮಗುವಿನ ಮುಂದೆ ಯಾರ ಬಾಯಲ್ಲೂ ಬರದಿರಲಿ.

ನೆಂಟರು ಕೇಳಿದಾಗ ಹೇಳಲು ಒಂದು ಉತ್ತರ ಮೊದಲೇ ಇಟ್ಟುಕೊಳ್ಳಿ: ‘ತೋರಿಸೀವ್ರಿ, ಕಲಿಯಾಕತ್ತೈತಿ, ನೀವು ಬಂದಾಗ ಅದರ ಜೋಡಿ ಸಾವಕಾಶ ಮಾತಾಡ್ರಿ.’ ಇಷ್ಟು ಹೇಳಿದರೆ ಕೇಳಿದವರಿಗೂ ಒಂದು ಕೆಲಸ ಸಿಗುತ್ತದೆ, ಅನುಕಂಪದ ಮಾತು ಅಲ್ಲಿಗೆ ನಿಲ್ಲುತ್ತದೆ. ನಿದ್ದೆ ಬಾರದಿರುವುದು, ಅಳು ತಡೆಯದಿರುವುದು, ಬದುಕೇ ಸಾಕೆನಿಸುವುದು ಆದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹಂತ 8: ಶಾಲೆ ಮತ್ತು ಕಾಗದಪತ್ರ

ಶಾಲೆ ಶುರುವಾಗುವ ಮುನ್ನವೇ ಶಿಕ್ಷಕರನ್ನು ಕಂಡು ಒಂದು ಪುಟದ ಪತ್ರ ಕೊಡಿ. ಮಗುವಿಗೆ ಏನು ತಿಳಿಯುತ್ತದೆ, ಹೇಗೆ ಕೇಳುತ್ತದೆ, ಶೌಚಕ್ಕೆ ಯಾವ ಸನ್ನೆ ಮಾಡುತ್ತದೆ ಎಂಬುದು ಅದರಲ್ಲಿರಲಿ. ಮುಂದಿನ ಸಾಲಿನಲ್ಲಿ ಕೂರಿಸುವುದು, ಉತ್ತರಕ್ಕೆ ಹೆಚ್ಚು ಹೊತ್ತು ಕೊಡುವುದು, ಬಾಯಿಪಾಠವನ್ನು ತರಗತಿಯೆದುರು ಒಪ್ಪಿಸುವ ಬದಲು ಒಬ್ಬರೇ ಇದ್ದಾಗ ಕೇಳುವುದು, ಅಣಕಿಸುವವರನ್ನು ತಡೆಯುವುದು ಇಷ್ಟನ್ನು ಕೋರಿ. ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಅಂಗವೈಕಲ್ಯವುಳ್ಳ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕು. ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ‘ಬಿಐಇಆರ್‌ಟಿ’ ಎಂಬ ಸಂಪನ್ಮೂಲ ಶಿಕ್ಷಕರ ಹುದ್ದೆಯಿದೆ, ಅವರನ್ನು ಭೇಟಿಯಾಗಿ.

ಆ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಕಿವುಡು, ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಸೆರೆಬ್ರಲ್ ಪಾಲ್ಸಿ, ಮಾತು ಮತ್ತು ಭಾಷೆಯ ಅಂಗವೈಕಲ್ಯ ಸೇರಿವೆ. ಅಂಗವೈಕಲ್ಯ ಪ್ರಮಾಣಪತ್ರ ಮತ್ತು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಿ, ಕರೆದ ದಿನ ವೈದ್ಯರ ಮುಂದೆ ಹಾಜರಾಗಬೇಕು. ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣ ಬೇಕು. ಮಾತು ಮತ್ತು ಭಾಷೆಯ ವಿಭಾಗವನ್ನು ಕಾಯ್ದೆ ಶಾಶ್ವತ ತೊಂದರೆ ಎಂದೇ ವಿವರಿಸುವುದರಿಂದ ಕೇವಲ ಉಚ್ಚಾರಣೆ ತಪ್ಪುವ ಅಥವಾ ಮಾತು ತಡವಾದ ಪುಟ್ಟ ಮಗುವಿಗೆ ಪ್ರಮಾಣಪತ್ರ ಸಿಗದೆ ಇರಬಹುದು. ಅದಕ್ಕಾಗಿ ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಅರ್ಜಿ ತುಂಬಲು ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೇ ಸಹಾಯ ಮಾಡುತ್ತಾರೆ.

ಹಂತ 9: ನಾಲ್ಕಾರು ಮನೆಗಳು ಸೇರುವುದು

ನಿಮ್ಮಂಥ ಇನ್ನೊಂದು ಮನೆ ಪಕ್ಕದ ಊರಲ್ಲೇ ಇರುತ್ತದೆ. ನಾಚಿಕೆಯಿಂದ ಅವರೂ ಹೇಳಿಕೊಂಡಿರುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯ ಮೂಲಕ ಐದಾರು ಕುಟುಂಬಗಳನ್ನು ಗುರುತಿಸಿ, ತಿಂಗಳಿಗೊಮ್ಮೆ ಸಂತೆಯ ದಿನ ಒಂದು ತಾಸು ಸೇರಿ. ಸಂತೆಗೆ ಹೇಗೂ ಬರುವುದರಿಂದ ಬಸ್ಸಿನ ಖರ್ಚು ಬೇರೆ ಆಗುವುದಿಲ್ಲ. ಮಕ್ಕಳು ಆಡಿಕೊಳ್ಳಲಿ. ಈ ತಿಂಗಳು ಏನು ಮಾಡಿದೆವು, ಎಲ್ಲಿ ಸಾಕಾಯಿತು ಎಂದು ಪ್ರತಿಯೊಬ್ಬರೂ ಹೇಳಲಿ; ನಂತರ ಚಿಕಿತ್ಸಕರು ಕಲಿಸಿದ ಒಂದು ವಿಧಾನವನ್ನು ಪಾಲಕರಲ್ಲಿ ಒಬ್ಬರು ಮಾಡಿ ತೋರಿಸಲಿ. ಆರು ಮಕ್ಕಳಿದ್ದಾರೆ ಎಂದರೆ ಜಿಲ್ಲಾ ಕೇಂದ್ರದ ಚಿಕಿತ್ಸಕರು ತಿಂಗಳಿಗೊಮ್ಮೆ ತಾಲೂಕಿಗೇ ಬರಲು ಒಪ್ಪುವ ಸಾಧ್ಯತೆಯೂ ಹೆಚ್ಚು.

ಗುಂಪು ಒಡೆಯುವುದು ಎರಡು ಕಾರಣಕ್ಕೆ. ನನ್ನ ಮಗುವಿಗೆ ಇಷ್ಟು ಪದ ಬಂತು, ನಿಮ್ಮದಕ್ಕೆ ಯಾಕಿಲ್ಲ ಎಂಬ ಹೋಲಿಕೆ ಒಂದು. ಮಕ್ಕಳ ವಿಡಿಯೊಗಳನ್ನು ಕೇಳದೆ ವಾಟ್ಸ್ಆ್ಯಪ್‌ನಲ್ಲಿ ಹಂಚುವುದು ಇನ್ನೊಂದು. ಮೊದಲ ದಿನವೇ ಇವೆರಡನ್ನೂ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಿ. ಒಬ್ಬರ ಮಗುವಿಗೆ ಬರೆದುಕೊಟ್ಟ ಔಷಧಿಯನ್ನು, ವ್ಯಾಯಾಮವನ್ನು ಇನ್ನೊಬ್ಬರು ತಾವಾಗಿ ಮಾಡಬಾರದು, ಏಕೆಂದರೆ ಕಾರಣಗಳು ಬೇರೆ ಬೇರೆ.

ಹಂತ 2ರಲ್ಲಿ ಹೇಳಿದ ನೋಟ್‌ಬುಕ್ಕನ್ನು ನಿಲ್ಲಿಸದೆ ಪ್ರತಿ ತಿಂಗಳ ಮೊದಲ ತಾರೀಖಿಗೆ ಹೊಸ ಪದಗಳನ್ನು ಬರೆಯುತ್ತಿರಿ. ಆರು ತಿಂಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಪದಗಳೂ ಸನ್ನೆಗಳೂ ಹೆಚ್ಚಿರದಿದ್ದರೆ ಆ ಪುಟಗಳನ್ನು ಚಿಕಿತ್ಸಕರ ಮುಂದಿಟ್ಟು, ಕಿವಿ ಪರೀಕ್ಷೆಯಿಂದ ಹಿಡಿದು ಎಲ್ಲವನ್ನೂ ಮತ್ತೊಮ್ಮೆ ನೋಡಲು ಕೇಳಿಕೊಳ್ಳಿ.